ಹಳದಿ ಪುಡಿಯ ಚರಿತ್ರೆ

ಕಳೆದ ದೀಪಾವಳಿಯ ಪಾಡ್ಯದ ಸಂಜೆ ಓಣಿಯ ಹುಡುಗರು ನಮ್ಮ ಮನೆ ಮುಂದಿನ ಹಾಸುಗಲ್ಲಿನ ಮೇಲೆ ಹಾವಿನ ಮಾತ್ರೆ ಹಚ್ಚುತ್ತಿದ್ದರು. ಸಣ್ಣ ಕರಿ ಗುಳಿಗೆ. ಕಡ್ಡಿ ಗೀರಿ ಹಿಡಿದರೆ ಬುಸ್ಸೆಂದು ಹೊಗೆ ಬಿಟ್ಟು ಸುರುಳಿ ಸುರುಳಿಯಾಗಿ ಉದ್ದಕ್ಕೆ ಹೊರಬರುತ್ತದೆ. ವಾಸನೆ ಕೆಟ್ಟದ್ದು. ಕಲ್ಲಿನ ಮೇಲೆ ಉಳಿಯುವ ಕರೇ ಕಲೆ ಯುಗಾದಿಯವರೆಗೂ ಹೋಗುವುದಿಲ್ಲ. "ಆ ಕಡೆ ಹೋಗ್ರೋ" ಎಂದು ನಾನು ಗದರುತ್ತಿರುವಾಗಲೇ ಕೂಡ್ಲಿಗಿ ಬಸ್ಸಿಳಿದು ಆಕೆ ಬಂದಳು. ಕಂಕುಳಲ್ಲಿ ಹಸಿ ಶೇಂಗಾದ ಗಂಟು.

ಆಕೆಯ ಮಗಳು ನನ್ನ ಶಿಷ್ಯೆ. ಕೂಡ್ಲಿಗಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ನಾನು ಸಮಾಜ ಪಾಠ ಮಾಡುತ್ತಿದ್ದಾಗ ಮೊದಲ ಸಾಲಿನಲ್ಲಿ ಕೂರುತ್ತಿದ್ದ ಹುಡುಗಿ. ಒಂದನೇ ಪಾಣಿಪತ್ ಯುದ್ಧ ಯಾವಾಗ ಎಂದು ಕೇಳಿದರೆ ಮೂರೂ ಯುದ್ಧಗಳ ಇಸವಿಯನ್ನು ಒಂದೇ ಉಸಿರಿಗೆ ಹೇಳುತ್ತಿದ್ದಳು. ಈಗ ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ತಾಯಿಗೆ ಮೂರು ಎಕರೆ ಖುಷ್ಕಿ ಜಮೀನು, ಮಳೆ ಬಂದರೆ ಮೆಕ್ಕೆಜೋಳ, ಶೇಂಗಾ. ಗಂಡ ಇಲ್ಲ.

ಚಹಾ ಕುಡಿದಾದ ಮೇಲೆ ವಿಷಯಕ್ಕೆ ಬಂದಳು. "ಟೀಚರ್ರೇ, ನೀವು ಸುಳ್ಳು ಹೇಳಂಗಿಲ್ಲ ಅಂತ ಬಂದೀನಿ. ಹರಪನಹಳ್ಳಿ ಕಡೀಂದ ಒಂದು ಗಂಡು ಬಂದೈತಿ. ಹುಡುಗ ನೌಕರಿಯಾಗ ಅದಾನ, ಮಂದೀನೂ ಚಲೋ. ಹುಡುಗಿ ಏನು ಓದ್ತಾಳ, ಇನ್ನೆಷ್ಟು ವರ್ಷ, ಅದರಿಂದ ಏನಾಕ್ಕತಿ ಅಂತ ಕೇಳ್ತಾರ. ಈಕಿನ್ನ ಕೇಳಿದ್ರ ಇಂಗ್ಲೀಷಿನಾಗ ಹೇಳ್ತಾಳ. ನೀವು ತಿಳಕೊಂಡು ನಂಗ ಹೇಳ್ರಿ. ಅದು ಖರೇನೇ ಉಪಯೋಗದ್ದು ಅಂದ್ರ ಅವರಿಗೆ ತಡೀರಿ ಅಂತೀನಿ. ಇಲ್ಲಾಂದ್ರ ಮಾಘದಾಗ ಲಗ್ನ ಮಾಡಿಬಿಡ್ತೀನಿ."

ಒಂದು ಹುಡುಗಿಯ ಓದು ನನ್ನ ನಾಲಿಗೆಯ ಮೇಲೆ ಬಂದು ಕೂತಂತಾಯಿತು. ಹದಿನೈದು ದಿನ ಬಿಟ್ಟು ಬಾರಮ್ಮ ಎಂದು ಕಳಿಸಿದೆ.

ಅಂದು ರಾತ್ರಿಯೇ ಹುಡುಗಿಗೆ ಫೋನು ಮಾಡಿದೆ. ವಿಷಯದ ಹೆಸರು ಹೇಳಿದಳು: ಎರಡು ಆಯಾಮದ ಕಾರ್ಬನ್ ನೈಟ್ರೈಡ್ ಪದಾರ್ಥಗಳ ಟೋಪಾಲಜಿಕಲ್ ಎಲೆಕ್ಟ್ರಾನಿಕ್ ಗುಣಗಳು. ಎಂಟು ಪದ. ಅದರಲ್ಲಿ ನನಗೆ ಪೂರಾ ಅರ್ಥವಾದದ್ದು ಮೊದಲನೆಯದು ಮತ್ತು ಕೊನೆಯದು. "ಇದರಿಂದ ಏನು ಉಪಯೋಗ ಅಂತ ಅಮ್ಮನಿಗೆ ಹೇಳಲಿ?" ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಸುಳ್ಳು ಹೇಳಬೇಡ್ರಿ ಟೀಚರ್. ನನಗೂ ಇನ್ನೂ ಗೊತ್ತಿಲ್ಲ" ಎಂದಳು.

ನಾನು ಬಿ.ಎ., ಬಿ.ಎಡ್. ಎಸ್ಸೆಸ್ಸೆಲ್ಸಿಯಲ್ಲಿ ನನಗೆ ವಿಜ್ಞಾನದಲ್ಲಿ ಸಮಾಜಕ್ಕಿಂತ ಹೆಚ್ಚು ಅಂಕ ಬಂದಿದ್ದವು ಎಂದರೆ ನನ್ನ ಸಹೋದ್ಯೋಗಿಗಳು ಈಗಲೂ ನಂಬುವುದಿಲ್ಲ. ಪಿಯುಸಿಗೆ ಸೇರುವಾಗ ಕಾಲೇಜಿನ ಕಿಟಕಿಯ ಹಿಂದೆ ಕೂತಿದ್ದವರು ಒಂದೇ ಪ್ರಶ್ನೆ ಕೇಳಿದರು: "ಊರಿಂದ ಓಡಾಡ್ತೀಯೇನಮ್ಮ?" ಸೈನ್ಸಿನವರ ಪ್ರ್ಯಾಕ್ಟಿಕಲ್ ಮುಗಿಯುವುದು ಸಂಜೆ ಆರಕ್ಕೆ. ನಮ್ಮೂರ ಕಡೆಯ ಕೊನೆಯ ಬಸ್ಸು ಐದಕ್ಕೆ. ಅವರೇ ಅರ್ಜಿಯಲ್ಲಿ ಆರ್ಟ್ಸ್ ಎಂದು ತುಂಬಿಕೊಂಡರು, ಅಪ್ಪ ಸಹಿ ಹಾಕಿದರು. ನಾನು ಏನು ಓದಬೇಕೆಂದು ನಿರ್ಧರಿಸಿದ್ದು ಬಸ್ಸಿನ ವೇಳಾಪಟ್ಟಿ. ಅದರ ಮೇಲೆ ನನಗೆ ಈಗ ಸಿಟ್ಟಿಲ್ಲ. ಚರಿತ್ರೆ ನನ್ನನ್ನು ಚೆನ್ನಾಗಿಯೇ ಸಾಕಿದೆ. ಆದರೆ ಯಾರಾದರೂ ಹುಡುಗಿಯ ಓದಿನ ವಿಷಯ ಎತ್ತಿದಾಗ ಆ ಐದು ಗಂಟೆಯ ಬಸ್ಸಿನ ಹಾರ್ನು ಕಿವಿಯಲ್ಲಿ ಕೇಳಿಸುತ್ತದೆ.

ನನಗೆ ಗೊತ್ತಿರುವ ದಾರಿ ಇಸವಿ ಹಿಡಿದು ಹೋಗುವುದು ಒಂದೇ. ಹಾಗೇ ಹೋದೆ. ಹುಡುಗಿ ಕಳಿಸಿದ್ದನ್ನು ಓದಿದೆ, ತಿಳಿಯದಿದ್ದಾಗ ರಾತ್ರಿ ಫೋನು ಮಾಡಿ ಪೀಡಿಸಿದೆ, ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರನ್ನು ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ತೆರೆಯಲು ಬಿಡದೆ ಪ್ರಶ್ನೆ ಕೇಳಿದೆ. ಈ ಚರಿತ್ರೆ ಎಲ್ಲಿಂದ ಶುರುವಾಗುತ್ತದೆ ಎಂದು ಗೊತ್ತಾದಾಗ ನಗು ಬಂತು. ಅದು ಶುರುವಾಗುವುದೂ ಹಾವಿನ ಮಾತ್ರೆಯಿಂದಲೇ.

1821ರಲ್ಲಿ ಜರ್ಮನಿಯಲ್ಲಿ ಫ್ರೆಡರಿಕ್ ವೋಲರ್ ಎಂಬ ಇಪ್ಪತ್ತೊಂದರ ಹುಡುಗ ಪಾದರಸದ ಒಂದು ಲವಣವನ್ನು ಕಾಯಿಸಿದ. ಮರ್ಕ್ಯುರಿ ಥಯೊಸಯನೇಟ್ ಎಂದು ಅದರ ಹೆಸರು. ಅದು ಉಬ್ಬಿ, ಬಳುಕಿ, ಹುಳದಂತೆ ಸುರುಳಿ ಬಿಡುತ್ತಾ ಮೂಲ ಗಾತ್ರದ ಎಷ್ಟೋ ಪಾಲು ಬೆಳೆಯಿತು. ಮುಂದೆ ಯೂರೋಪಿನಲ್ಲಿ 'ಫೇರೋನ ಹಾವು' ಎಂಬ ಹೆಸರಿನಲ್ಲಿ ಅದು ಮಕ್ಕಳ ಆಟಿಕೆಯಾಯಿತು. ಪಾದರಸದ ಹೊಗೆ ವಿಷವೆಂದು ತಿಳಿದ ಮೇಲೆ ಕೈಬಿಟ್ಟರು. ನಮ್ಮ ದೀಪಾವಳಿಯ ಮಾತ್ರೆ ಬೇರೆ ಸಾಮಾನಿನದು, ಆಟ ಮಾತ್ರ ಅದೇ. ಆ ಹಳೆಯ ಹಾವಿನ ಮೈಯಲ್ಲಿ ಇದ್ದದ್ದು ಬಹುಪಾಲು ಇಂಗಾಲ ಮತ್ತು ಸಾರಜನಕ ಕೂಡಿದ ಒಂದು ವಸ್ತು. ಅದೇ ಕಾರ್ಬನ್ ನೈಟ್ರೈಡ್.

ಈ ವೋಲರ್‌ನೇ 1828ರಲ್ಲಿ ಯೂರಿಯಾವನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದವನು. ಪ್ರಾಣಿಯ ಮೂತ್ರಪಿಂಡದಲ್ಲಿ ಮಾತ್ರ ಆಗಬಲ್ಲದೆಂದು ಜನ ನಂಬಿದ್ದ ವಸ್ತುವನ್ನು ಗಾಜಿನ ಪಾತ್ರೆಯಲ್ಲಿ ಮಾಡಿ ತೋರಿಸಿದ್ದಕ್ಕೆ ಆ ಇಸವಿ ಶಾಲಾ ಪುಸ್ತಕಗಳಲ್ಲಿ ಇಂದಿಗೂ ಇದೆ. ಮಳೆ ಬಿದ್ದ ಮರುದಿನ ನಮ್ಮ ಕಡೆಯ ರೈತರು ಯಾವ ಚೀಲಕ್ಕಾಗಿ ಗೊಬ್ಬರದ ಅಂಗಡಿ ಮುಂದೆ ಸಾಲು ನಿಲ್ಲುತ್ತಾರೋ ಅದೇ ಯೂರಿಯಾ. ಈಗ ಕೇಳಿ. ಅದೇ ಯೂರಿಯಾವನ್ನು ಮುಚ್ಚಳವಿರುವ ಮೂಸೆಯಲ್ಲಿಟ್ಟು ಸುಮಾರು 550 ಡಿಗ್ರಿ ಶಾಖದಲ್ಲಿ ಕೆಲವು ಗಂಟೆ ಕಾಯಿಸಿದರೆ ಅಮೋನಿಯಾ ಹಾರಿಹೋಗಿ ತಳದಲ್ಲಿ ತಿಳಿ ಹಳದಿ ಪುಡಿ ಉಳಿಯುತ್ತದೆ. ಹುಡುಗಿಯ ವಿದ್ಯೆಯೆಲ್ಲ ಈ ಹಳದಿ ಪುಡಿಯ ಸುತ್ತ. (ಮನೆಯಲ್ಲಿ ಯಾರೂ ಮಾಡಹೋಗಬೇಡಿ. ಆ ಹೊಗೆ ಕಣ್ಣು ಮೂಗಿಗೆ ಆಗದು.)

1834ರಲ್ಲಿ ಯೂಸ್ಟಸ್ ಲೀಬಿಗ್ ಇಂಥ ಹಳದಿ ವಸ್ತುವಿಗೆ 'ಮೆಲಾನ್' ಎಂದು ಹೆಸರಿಟ್ಟ. ಕಲ್ಲಂಗಡಿಗೂ ಇದಕ್ಕೂ ಸಂಬಂಧವಿಲ್ಲ. ಅದರ ಅಕ್ಕತಂಗಿಯರಿಗೆ ಮೆಲಾಮ್, ಮೆಲೆಮ್, ಮೆಲಮೈನ್ ಎಂದು ಹೆಸರು, ಒಂದೇ ಮನೆಯಲ್ಲಿ ಪ್ರೇಮಾ, ಪ್ರಮೀಳಾ, ಪ್ರತಿಮಾ ಎಂದು ಕರೆದಂತೆ. ಇವರಲ್ಲಿ ಮೆಲಮೈನ್ ಮಾತ್ರ ಊರೂರು ಸುತ್ತಿ ಹೆಸರು ಮಾಡಿದಳು. ನಮ್ಮ ಮದುವೆಗಳ ಕಾಲದಲ್ಲಿ ಮುಯ್ಯಿಯಾಗಿ ಬರುತ್ತಿದ್ದ, ಅಂಚಿಗೆ ಗುಲಾಬಿ ಹೂವಿನ ಚಿತ್ರವಿದ್ದ, ಕೈಜಾರಿ ಬಿದ್ದರೂ ಒಡೆಯದ ಆ ತಟ್ಟೆಗಳು ನೆನಪಿವೆಯಲ್ಲ? ಅವೇ. ನನ್ನ ಹತ್ತಿರ ಇನ್ನೂ ನಾಲ್ಕಿವೆ. 2008ರಲ್ಲಿ ಚೀನಾದಲ್ಲಿ ಇದೇ ಮೆಲಮೈನನ್ನು ಹಾಲಿಗೆ ಬೆರೆಸಿದ್ದೂ ನಿಮಗೆ ನೆನಪಿರಬಹುದು. ಹಾಲಿನ ಸತ್ವ ಪರೀಕ್ಷಿಸುವವರು ಸಾರಜನಕ ಎಷ್ಟಿದೆ ಎಂದು ಅಳೆಯುತ್ತಿದ್ದರು. ನೀರು ಹಾಕಿದ ಹಾಲಿಗೆ ಸಾರಜನಕ ತುಂಬಿದ ಈ ಪುಡಿ ಸೇರಿಸಿದರೆ ಯಂತ್ರ ಮೋಸ ಹೋಗುತ್ತಿತ್ತು. ಸುಮಾರು ಮೂರು ಲಕ್ಷ ಕೂಸುಗಳು ಕಾಯಿಲೆ ಬಿದ್ದವು, ಆರು ಸತ್ತವು. ಹೆತ್ತವರಿಗೆ ಇದನ್ನು ಓದಿದರೆ ಹೊಟ್ಟೆ ಉರಿಯುತ್ತದೆ.

ಮೆಲಾನ್ ಮಾತ್ರ ಸೀಸೆಯಲ್ಲೇ ಉಳಿದಳು. ಕಾರಣ ಸರಳ. ಅದು ನೀರಿನಲ್ಲಿ ಕರಗದು, ಸಾರಾಯಿಯಲ್ಲಿ ಕರಗದು, ಸಾಮಾನ್ಯವಾಗಿ ಬಳಸುವ ಯಾವುದರಲ್ಲೂ ಕರಗದು. ಕರಗದಿದ್ದರೆ ಶುದ್ಧ ಮಾಡುವಂತಿಲ್ಲ, ಹರಳುಗಟ್ಟಿಸುವಂತಿಲ್ಲ, ಒಳಗೇನಿದೆ ನೋಡುವಂತಿಲ್ಲ. ನೂರು ವರ್ಷ ರಸಾಯನ ಶಾಸ್ತ್ರದವರು ಅದರ ಸೂತ್ರದ ಬಗ್ಗೆ ಜಗಳವಾಡಿ ಸುಮ್ಮನಾದರು. 1937ರಲ್ಲಿ ಅಮೆರಿಕದ ಲೈನಸ್ ಪಾಲಿಂಗ್ ಮತ್ತು ಸ್ಟರ್ಡಿವಾಂಟ್ ಎಂಬಿಬ್ಬರು ಇದರ ಮೂಲ ಘಟಕ ಹೇಗಿರಬಹುದೆಂದು ಹೇಳಿದರು: ಮೂರು ಷಟ್ಕೋನಗಳು ಪಕ್ಕ ಪಕ್ಕ ಅಂಟಿಕೊಂಡು, ಒಂದೇ ಸಮತಲದಲ್ಲಿ ಮಲಗಿದ, ಹೆಚ್ಚುಕಡಿಮೆ ತ್ರಿಕೋನದ ಆಕಾರ. ಪಾಲಿಂಗ್ ಎರಡು ನೊಬೆಲ್ ಬಹುಮಾನ ಪಡೆದ ದೊಡ್ಡ ಮನುಷ್ಯ. 1994ರಲ್ಲಿ ಆತ ತೀರಿಕೊಂಡಾಗ ಆತನ ಕೋಣೆಯ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದ ಒಂದು ಚಿತ್ರ ಹಾಗೇ ಉಳಿದಿತ್ತು. ಅದು ಈ ಮೂರು ಷಟ್ಕೋನದ ವಂಶದ್ದೇ ಒಂದು ಅಣು. ಯಾಕೆ ಬರೆದ, ಏನು ಯೋಚಿಸುತ್ತಿದ್ದ, ಯಾರಿಗೂ ಗೊತ್ತಿಲ್ಲ. ಗಂಟೆ ಹೊಡೆದ ಮೇಲೆ ಬೋರ್ಡು ಒರೆಸದೆ ಹೋಗುವವರನ್ನು ಕಂಡರೆ ನನಗಾಗುವುದಿಲ್ಲ. ಈ ಒಬ್ಬರನ್ನು ಕ್ಷಮಿಸಿದ್ದೇನೆ.

ಮೆಲೆಮ್‌ನ ಒಳರಚನೆ ಪಾಲಿಂಗ್ ಊಹಿಸಿದಂತೆಯೇ ಇದೆ ಎಂದು ಜರ್ಮನಿಯವರು ಖಚಿತವಾಗಿ ತೋರಿಸಿದ್ದು 2003ರಲ್ಲಿ. ಹೆಸರಿಟ್ಟು ನೂರ ಅರುವತ್ತೊಂಬತ್ತು ವರ್ಷದ ಮೇಲೆ! ನಡುವೆ 1989ರಲ್ಲಿ ಲಿಯು ಮತ್ತು ಕೋಹೆನ್ ಎಂಬಿಬ್ಬರು ಕಾರ್ಬನ್ ನೈಟ್ರೈಡಿನ ಒಂದು ರೂಪ ವಜ್ರದಷ್ಟು ಗಟ್ಟಿ ಇರಬಹುದೆಂದು ಲೆಕ್ಕ ಹಾಕಿದ್ದರು. ಆ ಆಸೆಗೆ ಬಿದ್ದು ಪ್ರಪಂಚದ ಪ್ರಯೋಗಶಾಲೆಗಳೆಲ್ಲ ಅದನ್ನು ಮಾಡಹೊರಟವು. ವಜ್ರ ಸಿಗಲಿಲ್ಲ, ಬಹಳ ಕಡೆ ಸಿಕ್ಕಿದ್ದು ಮತ್ತೆ ಅದೇ ಹಳದಿ ಪುಡಿ. 2009ರಲ್ಲಿ ಮಾತ್ರ ಅದರ ದೆಸೆ ತಿರುಗಿತು. ಜರ್ಮನಿಯ ಪಾಟ್ಸ್‌ಡ್ಯಾಮಿನಲ್ಲಿ ಮಾರ್ಕುಸ್ ಆಂಟೊನಿಯೆಟ್ಟಿ, ಶಿನ್‌ಚೆನ್ ವಾಂಗ್ ಮತ್ತು ಜೊತೆಗಾರರು ಆ ಪುಡಿಯನ್ನು ನೀರಿನಲ್ಲಿ ಕದಡಿ, ಜೊತೆಗೆ ಬೇಕಾದ ಒಂದೆರಡು ಸಾಮಾನು ಸೇರಿಸಿ ಬೆಳಕಿಗೆ ಹಿಡಿದರೆ ಜಲಜನಕ ಗುಳ್ಳೆಗುಳ್ಳೆಯಾಗಿ ಬರುವುದೆಂದು ತೋರಿಸಿದರು. ಆಮೇಲೆ ಎಲ್ಲರಿಗೂ ಹಳದಿ ಪುಡಿ ಬೇಕು.

ನಮ್ಮ ರಾಜ್ಯ ಎಲ್ಲಿ ಬಂತು ಎಂದು ಕೇಳುವಿರಿ. ಬರುತ್ತದೆ, ಪೆನ್ಸಿಲಿನ ಮೂಲಕ.

ಪೆನ್ಸಿಲಿನ ಕಡ್ಡಿ ಗ್ರಾಫೈಟ್, ಅಂದರೆ ಇಂಗಾಲ. ಅದು ಹೋಳಿಗೆ ಅಟ್ಟಿಯಂತೆ ಪದರ ಪದರ. ಒಂದೊಂದು ಪದರವೂ ಜೇನುಗೂಡಿನಂತೆ ಆರು ಮೂಲೆಯ ಕೋಣೆಗಳ ಜಾಲ. ರಂಗೋಲಿ ಹಾಕುವವರಿಗೆ ಹೇಳಬೇಕಾದದ್ದೇ ಇಲ್ಲ. ಒಂದು ಸಾಲಿನ ಎರಡು ಚುಕ್ಕಿಯ ಸಂದಿಗೆ ಮುಂದಿನ ಸಾಲಿನ ಚುಕ್ಕಿ ಬರುವಂತೆ ಇಟ್ಟು, ಆರರ ನಡುವೆ ಬರುವ ಚುಕ್ಕಿಯನ್ನು ಅಳಿಸಿದರೆ ಅದೇ ಜಾಲ. 2004ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಗೈಮ್ ಮತ್ತು ನೊವೊಸೆಲೊವ್ ಸೆಲ್ಲೋಟೇಪು ಅಂಟಿಸಿ ಕಿತ್ತು, ಅಂಟಿಸಿ ಕಿತ್ತು, ಒಂದೇ ಒಂದು ಪದರವನ್ನು ಬಿಡಿಸಿದರು. ಅದಕ್ಕೆ ಗ್ರಾಫೀನ್ ಎಂದು ಹೆಸರು. 2010ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಹಾಳೆಗೆ ಉದ್ದವಿದೆ, ಅಗಲವಿದೆ, ದಪ್ಪ ಎಂದರೆ ಒಂದು ಪರಮಾಣು ಅಷ್ಟೇ. ಎರಡು ಆಯಾಮ ಎಂಬುದರ ಅರ್ಥ ಇಷ್ಟು.

ಬೆಂಗಳೂರಿನಲ್ಲಿ ಆಗ ಈ ಹಾಳೆಗೆ ಸಾರಜನಕ ಬೆರೆಸುವ ಕೆಲಸ ನಡೆದಿತ್ತು. 1989ರಲ್ಲಿ ಶುರುವಾದ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಮತ್ತು ಅವರ ವಿದ್ಯಾರ್ಥಿಗಳು ಎರಡು ಗ್ರಾಫೈಟ್ ಕಡ್ಡಿಗಳ ನಡುವೆ ವಿದ್ಯುತ್ ಕಿಡಿ ಹಾರಿಸಿ, ಸುತ್ತ ಅಮೋನಿಯಾ ಅಥವಾ ಪಿರಿಡಿನ್ ಆವಿ ತುಂಬಿ, ಸಾರಜನಕ ಕೂಡಿದ ಗ್ರಾಫೀನ್ ಮಾಡಿದರು. 2009ರಲ್ಲಿ ಅದು ಪ್ರಕಟವಾಯಿತು. ಆ ಬರಹದಲ್ಲಿ ಲೆಕ್ಕದ ಕಡೆಯಿಂದ ಕೈಜೋಡಿಸಿದವರು ಅದೇ ಸಂಸ್ಥೆಯ ಉಮೇಶ್ ವಾಘ್ಮರೆ. ಅವರು ಬೆರೆಸಿದ ಸಾರಜನಕ ಪಾಯಸಕ್ಕೆ ಏಲಕ್ಕಿ ಹಾಕಿದಷ್ಟು, ನೂರಕ್ಕೆ ಒಂದರ ಆಸುಪಾಸು. ಕಾರ್ಬನ್ ನೈಟ್ರೈಡಿನಲ್ಲಿ ಮೂರು ಇಂಗಾಲಕ್ಕೆ ನಾಲ್ಕು ಸಾರಜನಕ. ಆದರೂ ಅಡುಗೆಯ ಮನೆ ಒಂದೇ. ಮರುವರ್ಷ ಇದೇ ಗುಂಪು ಬೋರಾನ್, ಇಂಗಾಲ, ಸಾರಜನಕ ಮೂರೂ ಕೂಡಿದ ಪದಾರ್ಥವನ್ನೂ ಮಾಡಿತು.

ರಾವ್ ಅವರ ಬಗ್ಗೆ ಓದುವಾಗ ನನಗೆ ಹಿಡಿಸಿದ್ದು ಬೇರೆಯೇ ಸಂಗತಿ. ಅವರು ಪ್ರಾಥಮಿಕ ಶಾಲೆಗೇ ಹೋಗಲಿಲ್ಲ. ಮನೆಯಲ್ಲಿ ತಾಯಿ ನಾಗಮ್ಮನವರೇ ಕಲಿಸಿದರು, ಆ ತಾಯಿ ಲೆಕ್ಕದಲ್ಲಿ ಬಹಳ ಜಾಣೆ. 1940ರಲ್ಲಿ ಆರು ವರ್ಷದ ಹುಡುಗನನ್ನು ನೇರ ಮಿಡ್ಲ್ ಸ್ಕೂಲಿಗೆ ಸೇರಿಸಿದರು. 2013ರಲ್ಲಿ ಭಾರತರತ್ನ ಘೋಷಣೆಯಾದಾಗ ಪತ್ರಿಕೆಯ ಮುಖಪುಟದ ತುಂಬ ಮಗನ ಚಿತ್ರ ಇತ್ತು. ನಾಗಮ್ಮನವರು ಆ ಲೆಕ್ಕವನ್ನು ತಮಗಾಗಿ ಮಾಡಿಕೊಂಡಿದ್ದರೆ ಎಲ್ಲಿಗೆ ಹೋಗುತ್ತಿದ್ದರು ಎಂಬ ಪ್ರಶ್ನೆ ನನ್ನಂಥವಳಿಗೆ ಬರದೆ ಇರುತ್ತದೆಯೇ?

ಉತ್ತರ ಸುಲಭವಿರಲಿಲ್ಲ. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಕಮಲಾ ಭಾಗವತ್ ಎಂಬ ಹುಡುಗಿ ಅರ್ಜಿ ಹಾಕಿದಳು. ಮುಂದೆ ಕಮಲಾ ಸೊಹೊನಿ ಎಂದು ಹೆಸರಾದವಳು. ಮುಂಬಯಿ ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದಿದ್ದಳು. ಆಗ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಹೆಣ್ಣು ಎಂಬ ಕಾರಣಕ್ಕೆ ಬೇಡವೆಂದರು. ಆಕೆ ಸತ್ಯಾಗ್ರಹ ಹೂಡಿದಳು. ಕೊನೆಗೆ, ಒಂದು ವರ್ಷ ನೋಡೋಣ, ಕೆಲಸ ಮೆಚ್ಚಿಗೆಯಾದರೆ ಮುಂದೆ, ಎಂಬ ಷರತ್ತಿನ ಮೇಲೆ ಸೇರಿಸಿಕೊಂಡರು. ವರ್ಷ ತುಂಬಿದಾಗ ರಾಮನ್ ಒಪ್ಪಿದರು, ಅಲ್ಲಿಂದಾಚೆಗೆ ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಿತು. ಕಮಲಾ 1939ರಲ್ಲಿ ಕೇಂಬ್ರಿಡ್ಜಿನಿಂದ ಪಿಎಚ್.ಡಿ. ಪಡೆದರು. ಒಂದು ವರ್ಷದ ಗಡುವು ಎಂಬುದನ್ನು ಓದಿದಾಗ ನನಗೆ ಶೇಂಗಾ ಗಂಟಿನ ತಾಯಿಯ 'ಇನ್ನೆಷ್ಟು ವರ್ಷ' ನೆನಪಾಯಿತು. ಗಂಡುಹುಡುಗರ ಓದಿಗೆ ಯಾರೂ ಗಡಿಯಾರ ಹಿಡಿದು ಕೂರುವುದಿಲ್ಲ.

ಇನ್ನು ಆ ಟೋಪಾಲಜಿ. ಎಲ್ಲಕ್ಕಿಂತ ಹೆಚ್ಚು ದಿನ ನನ್ನನ್ನು ಕಾಡಿದ್ದು ಇದೇ. ಹುಡುಗಿ ಮೂರು ರಾತ್ರಿ ಹೇಳಿದಳು, ಹತ್ತಲಿಲ್ಲ. ನಾಲ್ಕನೇ ದಿನ ಬಟ್ಟೆ ಮಡಿಸುವಾಗ ಲಂಗದ ಲಾಡಿಯಲ್ಲಿ ಹೊಳೆಯಿತು. ಲಾಡಿಯನ್ನು ನೇಫೆಯೊಳಗೆ ಏರಿಸುವಾಗ ಎಲ್ಲೋ ಒಂದು ಕಡೆ ತಿರುಚಿಕೊಂಡುಬಿಡುತ್ತದೆ. ಎರಡೂ ತುದಿ ಗಂಟು ಹಾಕಿಬಿಟ್ಟಿರುತ್ತೇವೆ. ಆಮೇಲೆ ಎಷ್ಟು ಎಳೆದಾಡಿದರೂ ಆ ತಿರುಚು ಮುಂದಿನಿಂದ ಹಿಂದಕ್ಕೆ, ಎಡದಿಂದ ಬಲಕ್ಕೆ ಸರಿಯುತ್ತದೆಯೇ ಹೊರತು ಹೋಗುವುದಿಲ್ಲ. ಹೋಗಬೇಕಾದರೆ ಗಂಟು ಬಿಚ್ಚಬೇಕು. ಇದನ್ನು ಫೋನಿನಲ್ಲಿ ಹೇಳಿದಾಗ ಹುಡುಗಿ ಒಂದು ನಿಮಿಷ ನಕ್ಕು, "ಟೀಚರ್, ಇದಕ್ಕಿಂತ ಚಲೋ ನಮ್ಮ ಗೈಡೂ ಹೇಳಿಲ್ಲ" ಎಂದಳು.

ಎಳೆದರೂ ಹಿಂಜಿದರೂ ಬದಲಾಗದೆ ಉಳಿಯುವ ಇಂಥ ಗುಣಗಳ ಶಾಸ್ತ್ರವೇ ಟೋಪಾಲಜಿ. ಹರಪನಹಳ್ಳಿಯನ್ನೇ ನೋಡಿ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರ ಹೊತ್ತಿಗೆ ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ನಮ್ಮ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳ ಜೊತೆ ವಿಜಯನಗರ ಜಿಲ್ಲೆ ಸೇರಿತು. ನಕ್ಷೆಯ ಗೆರೆ ಎಷ್ಟು ಸಲ ಎಳೆದರೂ ಅಲ್ಲಿಂದ ಹಡಗಲಿಗೆ ಹೋಗುವ ದಾರಿ ಬದಲಾಗಲಿಲ್ಲ.

ಪದಾರ್ಥದಲ್ಲಿ ತಿರುಚುವುದು ಯಾವುದು? ಎಲೆಕ್ಟ್ರಾನು ಕಣವೂ ಹೌದು, ಅಲೆಯೂ ಹೌದು. ಹಾಳೆಯೊಳಗೆ ಅದು ಹೇಗೆಲ್ಲ ಚಲಿಸಬಹುದೋ ಆ ಅಲೆಗಳನ್ನೆಲ್ಲ ಲೆಕ್ಕದಲ್ಲಿ ಸಾಲಾಗಿ ಜೋಡಿಸುತ್ತಾ ಒಂದು ಸುತ್ತು ಬಂದರೆ, ಕೆಲವು ಪದಾರ್ಥಗಳಲ್ಲಿ ಲಾಡಿ ನೇರವಾಗಿ ಸೇರುತ್ತದೆ, ಕೆಲವಲ್ಲಿ ತಿರುಚಿ ಸೇರುತ್ತದೆ. ತಿರುಚಿದ ಪದಾರ್ಥದ ವಿಚಿತ್ರವೇನೆಂದರೆ ಅದರ ನಡುವೆ ವಿದ್ಯುತ್ ಹರಿಯುವುದಿಲ್ಲ, ಅಂಚಿನಲ್ಲಿ ಮಾತ್ರ ಹರಿಯುತ್ತದೆ. ಯಾಕೆಂದರೆ ಒಳಗೆ ತಿರುಚು, ಹೊರಗಿನ ಗಾಳಿಯಲ್ಲಿ ತಿರುಚಿಲ್ಲ. ಎರಡೂ ಸೇರುವ ಗಡಿಯಲ್ಲಿ ಎಲ್ಲೋ ಗಂಟು ಬಿಚ್ಚಲೇಬೇಕು. ಬಿಚ್ಚಿದ ಆ ಜಾಗವೇ ವಿದ್ಯುತ್ತಿಗೆ ದಾರಿ. ನಡುವೆ ಬಯಲು, ಅಂಚಿಗೆ ಜರಿ ಇರುವ ಸೀರೆಯ ಹಾಗೆ. ಸೀರೆಯ ಅಂಚು ಹರಿದರೆ ಹೋಯಿತು. ಇಲ್ಲಿ ಅಂಚು ಕತ್ತರಿಸಿದರೆ ಕತ್ತರಿಸಿದ ಕಡೆಯೇ ಹೊಸ ಜರಿ ಹುಟ್ಟುತ್ತದೆ. ಕೊಟ್ಟೂರೇಶ್ವರನ ತೇರಿನ ದಿನ ಒಂದೇ ದಿಕ್ಕಿಗೆ ಹೊರಟ ಮಂದಿಯಲ್ಲಿ ಸಿಕ್ಕವರಿಗೆ ನಡುವೆ ಕಂಬ ಬಂದರೂ ಅದನ್ನು ಬಳಸಿ ಮುಂದೆಯೇ ಹೋಗಬೇಕು, ಹಿಂದಿರುಗಲು ಜಾಗವಿರದು. ಅಂಚಿನ ಎಲೆಕ್ಟ್ರಾನಿಗೂ ಹಾಗೇ. ತಡೆ ಇಲ್ಲದ್ದರಿಂದ ಬಿಸಿಯಾಗಿ ಪೋಲಾಗುವುದು ಕಡಿಮೆ.

ಇದು ಬರೀ ಕಲ್ಪನೆಯ ಮಾತಲ್ಲ. 1980ರಲ್ಲಿ ಜರ್ಮನಿಯ ಕ್ಲಾಸ್ ಫಾನ್ ಕ್ಲಿಟ್ಸಿಂಗ್ ಬಲವಾದ ಅಯಸ್ಕಾಂತದ ನಡುವೆ ಇದರ ಮೊದಲ ಗುರುತು ಕಂಡ. 1982ರಲ್ಲಿ ಡೇವಿಡ್ ಥೌಲೆಸ್ ಮತ್ತು ಸಂಗಡಿಗರು ಅದಕ್ಕೆ ತಿರುಚಿನ ಲೆಕ್ಕ ಕಟ್ಟಿದರು. 1988ರಲ್ಲಿ ಡಂಕನ್ ಹಾಲ್ಡೇನ್, ಹೊರಗಿನ ದೊಡ್ಡ ಅಯಸ್ಕಾಂತ ಇಲ್ಲದೆಯೂ ಜೇನುಗೂಡಿನ ಜಾಲದಲ್ಲಿ ಇದು ಸಾಧ್ಯವೆಂದು ಬರೆದ. ಅಂಥ ಪದಾರ್ಥ ನಿಜವಾಗಿ ಸಿಗುತ್ತದೆಂದು ಅವನಿಗೇ ಭರವಸೆ ಇರಲಿಲ್ಲ. 2005ರಲ್ಲಿ ಕೇನ್ ಮತ್ತು ಮೆಲೆ ಎಂಬಿಬ್ಬರು, ಗ್ರಾಫೀನೇ ಅಂಥದ್ದಾಗಬಹುದು ಎಂದರು. ಆದರೆ ಇಂಗಾಲ ಹಗುರ ಪರಮಾಣು. ಈ ತಿರುಚನ್ನು ಗಟ್ಟಿ ಹಿಡಿಯುವ ಶಕ್ತಿ ಭಾರದ ಪರಮಾಣುಗಳಲ್ಲಿ ಹೆಚ್ಚು, ಇಂಗಾಲದಲ್ಲಿ ತೀರಾ ಕಡಿಮೆ. 2007ರಲ್ಲಿ ಜರ್ಮನಿಯ ವೂರ್ಟ್ಸ್‌ಬರ್ಗಿನಲ್ಲಿ ಈ ಅಂಚಿನ ಹರಿವು ಕಂಡದ್ದು ಪಾದರಸ ಮತ್ತು ಟೆಲ್ಯೂರಿಯಮ್ ಕೂಡಿದ ಪದಾರ್ಥದಲ್ಲಿ. ಮತ್ತೆ ಪಾದರಸ! 2016ರಲ್ಲಿ ಥೌಲೆಸ್, ಹಾಲ್ಡೇನ್, ಕೋಸ್ಟರ್ಲಿಟ್ಸ್ ಮೂವರಿಗೆ ನೊಬೆಲ್ ಬಂತು.

ಹಾಗಾದರೆ ಹಳದಿ ಪುಡಿಯ ಹಿಂದೆ ಯಾಕೆ ಬೀಳಬೇಕು? ಅದು ಅಗ್ಗ, ವಿಷವಲ್ಲ, ಯೂರಿಯಾದಿಂದ ಆಗುತ್ತದೆ ಎಂಬುದು ಒಂದು. ಮತ್ತೊಂದು ಅದರ ತೂತುಗಳು. ಕಾರ್ಬನ್ ನೈಟ್ರೈಡಿನ ಹಾಳೆ ಗ್ರಾಫೀನಿನಂತೆ ಒತ್ತಾದ ನೇಯ್ಗೆಯಲ್ಲ, ಟಿ.ವಿ. ಮೇಲೆ ಹಾಸುತ್ತಿದ್ದೆವಲ್ಲ, ಆ ಕ್ರೋಶಾ ಹೆಣಿಗೆಯಂತೆ. ಎಲ್ಲಿ ಕೊಂಡಿ, ಎಲ್ಲಿ ಕಿಂಡಿ ಎಂಬುದನ್ನು ಬದಲಿಸಿದರೆ ಎಲೆಕ್ಟ್ರಾನಿನ ನಡೆಯೇ ಬದಲಾಗುತ್ತದೆ. ಮೂರು ಇಂಗಾಲಕ್ಕೆ ನಾಲ್ಕು ಸಾರಜನಕ ಒಂದು ವಿನ್ಯಾಸ. ಎರಡಕ್ಕೆ ಒಂದರ ವಿನ್ಯಾಸವನ್ನು 2015ರಲ್ಲಿ ದಕ್ಷಿಣ ಕೊರಿಯಾದವರು ಮಾಡಿ ತೋರಿಸಿದರು. ನಾಲ್ಕಕ್ಕೆ ಮೂರರ ವಿನ್ಯಾಸದಲ್ಲಿ ಕಬ್ಬಿಣದ ಸೋಂಕೇ ಇಲ್ಲದೆ ಅಯಸ್ಕಾಂತದ ಗುಣ ಬರಬೇಕೆಂದು 2012ರಲ್ಲಿ ಲೆಕ್ಕ ಹೇಳಿತು. ಇಂಥ ಜಾಲರಿಗಳಲ್ಲಿ ಕೆಲವಕ್ಕೆ ತಿರುಚಿದ ಲಾಡಿ ಇರಬೇಕು, ಕೆಲವದರಲ್ಲಿ ಅಂಚು ಬಿಟ್ಟು ಮೂಲೆಗಳಲ್ಲಿ ಮಾತ್ರ ಎಲೆಕ್ಟ್ರಾನು ನಿಲ್ಲಬೇಕು ಎಂದೂ ಲೆಕ್ಕಗಳಿವೆ. ಹುಡುಗಿ ಮಾಡುತ್ತಿರುವುದು ಈ ಲೆಕ್ಕ. ಅವಳ ಮುಂದೆ ಮೂಸೆ ಇಲ್ಲ, ಪುಡಿಯೂ ಇಲ್ಲ, ಕಂಪ್ಯೂಟರು ಮಾತ್ರ. ಪುಡಿಯನ್ನು ಒಂದೇ ಪದರದ ತಪ್ಪಿಲ್ಲದ ಹಾಳೆಯಾಗಿ ಮಾಡುವುದು ಬಹಳ ಕಷ್ಟ. ಲೆಕ್ಕ ಹೇಳಿದ ಆ ಅಂಚಿನ ಹರಿವು ಹಳದಿ ಪುಡಿಯ ಹಾಳೆಯಿಂದ ಬಳಕೆಗೆ ಬಂದಿಲ್ಲ.

ಹದಿನಾರನೆಯ ದಿನ ತಾಯಿ ಬಂದಳು. ಈ ಸಲ ಶೇಂಗಾ ಒಣಗಿತ್ತು. ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಮೆಲಮೈನ್ ತಟ್ಟೆ, ಒಂದು ಪೆನ್ಸಿಲ್ಲು, ಒಂದು ಲಾಡಿ ಇಟ್ಟುಕೊಂಡು ಪಾಠ ಮಾಡಿದೆ. ಸರ್ವಿಸಿನಲ್ಲಿ ಅಷ್ಟು ಎದೆ ಹೊಡೆದುಕೊಂಡ ಪಾಠ ಬೇರೊಂದಿಲ್ಲ, ಇನ್‌ಸ್ಪೆಕ್ಟರು ಬಂದ ದಿನವೂ ಅಷ್ಟಿರಲಿಲ್ಲ. ಲಾಡಿ ಅವಳಿಗೆ ಒಂದೇ ಸಲಕ್ಕೆ ತಿಳಿಯಿತು. ಯೂರಿಯಾ ಎಂದಾಗ ಮುಖ ಎತ್ತಿದಳು.

"ನಮ್ಮ ಗೊಬ್ಬರಾನಾ?"

"ಅದೇ."

"ಅದನ್ನ ಸುಟ್ರ ಬರೋ ಪುಡೀಗೆ ಇಷ್ಟು ಮಂದಿ ಬಿದ್ದಾರ?"

"ಹೂಂ."

"ಉಪಯೋಗ?"

ಗಂಟಲು ಒಣಗಿತು. "ಬಂದ್ರೆ ಕರೆಂಟು ಬಹಳ ಉಳಿತದ. ಬರ್ತದೋ ಇಲ್ಲೋ ಯಾರಿಗೂ ಗೊತ್ತಿಲ್ಲಮ್ಮ. ನಿನ್ನ ಮಗಳಿಗೂ ಗೊತ್ತಿಲ್ಲ. ಹೆಸರಿಟ್ಟು ನೂರ ತೊಂಬತ್ತು ವರ್ಷ ಆತು, ಇನ್ನೂ ನೋಡ್ತಾನೇ ಅದಾರೆ" ಎಂದೆ. ಹೇಳಿದ ಮೇಲೆ, ಕೆಡಿಸಿಬಿಟ್ಟೆನೇನೋ ಎನಿಸಿತು. ಇಷ್ಟು ಕಷ್ಟಪಟ್ಟು ಓದಿ ಕೊನೆಗೆ ಬಾಯಲ್ಲಿ ಬಂದದ್ದು ಗೊತ್ತಿಲ್ಲ ಎಂಬ ಮಾತು.

ಆಕೆ ಲಾಡಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಾ ಸುಮ್ಮನೆ ಕೂತಳು. ಆಮೇಲೆ ಕೇಳಿದಳು, "ಈಕಿ ಇನ್ನೆಷ್ಟು ವರ್ಷ ನೋಡಬೇಕು?"

"ಪಿಎಚ್.ಡಿ. ಮುಗಿಯಾಕ ಎರಡೂವರೆ, ಮೂರು ವರ್ಷ."

"ನೂರ ತೊಂಬತ್ತರಾಗ ಮೂರು" ಎಂದಳು. ನಗುತ್ತಿದ್ದಳೋ ಲೆಕ್ಕ ಹಾಕುತ್ತಿದ್ದಳೋ ನನಗೆ ತಿಳಿಯಲಿಲ್ಲ. "ಒಂದು ಚೀಟಿಯಾಗ ಅದರ ಹೆಸರು ಬರಕೊಡ್ರಿ. ಹರಪನಹಳ್ಳಿಯವರು ಬಂದ್ರ ತೋರಸ್ತೀನಿ. ಹುಡುಗಿ ಇದನ್ನ ಓದ್ತಾಳ, ಮೂರು ವರ್ಷ ಆಗ್ತತಿ, ಕಾಯ್ತೀರಂದ್ರ ಕಾಯ್ರಿ ಅಂತೀನಿ."

ಆಕೆಗೆ ಓದಲು ಬರುವುದಿಲ್ಲ. ಆದರೂ ದಪ್ಪ ಅಕ್ಷರದಲ್ಲಿ ಕಾರ್ಬನ್ ನೈಟ್ರೈಡ್ ಎಂದು ಬರೆದೆ, ಕೆಳಗೆ ಹುಡುಗಿಯ ಹೆಸರು ಬರೆದೆ. ಎರಡು ಸಲ ಹೇಳಿಸಿಕೊಂಡಳು. ಎರಡನೇ ಸಲಕ್ಕೆ ನನಗಿಂತ ಚೆನ್ನಾಗಿ ಹೇಳಿದಳು. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಎಲೆಅಡಿಕೆಯ ಚೀಲಕ್ಕೆ ಹಾಕಿಕೊಂಡು, ಐದು ಗಂಟೆಯ ಬಸ್ಸಿಗೆ ಹೊತ್ತಾಯಿತೆಂದು ಎದ್ದಳು.